ಸದ್ದಿನ ನಡುವೆ ಒಂದು ತಗ್ಗು

ಸ್ಟುಡಿಯೋದಲ್ಲಿ ಎರಡು ಸೆಕೆಂಡು ಮೌನವಾದರೂ ನಮ್ಮಂಥವರ ಎದೆ ಧಸಕ್ಕೆನ್ನುತ್ತದೆ. ಕಾಚಿಗುಡದಲ್ಲಿ ಟ್ರಾನ್ಸಿಸ್ಟರ್ ಹಿಡಿದು ಕೂತ ನೀವೂ ಆಗ ಗುಂಡಿ ತಿರುಗಿಸುತ್ತೀರಿ. ಆದರೆ ಅಂಥ ಮೌನವನ್ನೇ ಹುಡುಕುವವರಿದ್ದಾರೆ! ಪುಣೆಯ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಖೋಡದ್‌ನಲ್ಲಿ, ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕವಿದೆ. 45 ಮೀಟರ್ ಅಗಲದ 30 ಡಿಶ್‌ಗಳು.

ಕೆಲವು ಗ್ಯಾಲಕ್ಸಿಗಳ ನಡುವಿನ ಕಪ್ಪುಕುಳಿಯ ಬಳಿಯಿಂದ ಧಾರೆಗಳು ಚಿಮ್ಮಿ, ಜೋರಾಗಿ ರೇಡಿಯೋ ಅಲೆ ಸೂಸುತ್ತವೆ. ಅವೇ ರೇಡಿಯೋ ಗ್ಯಾಲಕ್ಸಿಗಳು. ನಮ್ಮ ಎಫ್‌ಎಂನಂತೆ ಒಂದೇ ಕಂಪನಾಂಕದಲ್ಲಲ್ಲ, ಉದ್ದಕ್ಕೂ. ಎದುರಿಗೆ ತಣ್ಣನೆಯ ಜಲಜನಕವಿದ್ದರೆ ಅದು 1420 ಮೆಗಾಹರ್ಟ್ಸ್‌ನಲ್ಲಿ ಒಂದಿಷ್ಟನ್ನು ನುಂಗುತ್ತದೆ. ಅಲ್ಲೊಂದು ತಗ್ಗು. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ, ಸುಮಾರು 780 ಕೋಟಿ ವರ್ಷಗಳ ಹಿಂದೆ ಹೊರಟ ಸಂಕೇತ ನಮಗೆ 710ರಲ್ಲಿ ಸಿಗುತ್ತದೆ. ಮೊಬೈಲ್ ಗದ್ದಲವೂ ಈಗ ಅಲ್ಲೇ, ಪಾಪ!

ನಕ್ಷತ್ರಗಳು ಹುಟ್ಟುವುದು ಈ ತಣ್ಣನೆಯ ಅನಿಲದಿಂದಲೇ. ಕಪ್ಪುಕುಳಿಗೂ ಅದೇ ಮೇವು. ತಗ್ಗು ತನ್ನ ಜಾಗದಿಂದ ಮೇಲಿನ ಕಂಪನಾಂಕಕ್ಕೆ ಸರಿದಿದ್ದರೆ ಅನಿಲ ಹೊರಕ್ಕೆ ಹೋಗುತ್ತಿದೆ. ಕೆಳಕ್ಕೆ ಸರಿದಿದ್ದರೆ ಒಳಗೆ ಬೀಳುತ್ತಿದೆ.

ಒಂದು ಒಗಟೂ ಇದೆ. 2018ರಲ್ಲಿ ಪ್ರಕಟವಾದ ಜಿಎಂಆರ್‌ಟಿ ಸಮೀಕ್ಷೆಯಲ್ಲಿ, ಹತ್ತಿರದವುಗಳಿಗಿಂತ ಬಹುದೂರದ ರೇಡಿಯೋ ಮೂಲಗಳಲ್ಲಿ ತಗ್ಗು ಸಿಕ್ಕಿದ್ದು ಕಡಿಮೆ. ಅಲ್ಲಿ ತಣ್ಣನೆಯ ಅನಿಲವೇ ಕಡಿಮೆಯೋ, ಕಪ್ಪುಕುಳಿಯ ಸುತ್ತಿನ ಪ್ರಖರ ಬೆಳಕಿಗೆ ಬಿಸಿಯಾಗಿ ಅದು ಕಣ್ಣಿಗೆ ಬೀಳುತ್ತಿಲ್ಲವೋ? ಖೋಡದ್‌ನ ಡಿಶ್‌ಗಳು ಇನ್ನೂ ಕಿವಿಗೊಟ್ಟಿವೆ.