ಹೆಚ್ಚಿನ ಅಕ್ಕಿ



ಈ ಯರಗುಪ್ಪಿಗೆ ನಾವು ಬಂದಾಗಲೆಲ್ಲ ಮೊದಲು ಬಂದು ಕೈಮುಗಿಯುವವರು ಒಬ್ಬ ನಿವೃತ್ತ ಮಾಸ್ತರರು ಮತ್ತು ಅವರ ಮನೆಯವರು. ಹೆಸರು ಬೇಡ, ಹೇಳಿದರೆ ನಾಳೆಯಿಂದ ಇತ್ತ ಬರಲಿಕ್ಕಿಲ್ಲ! ಆ ತಾಯಿಯೂ ಶಾಲೆಯಲ್ಲಿ ಅಕ್ಕೋರಾಗಿದ್ದವರೇ. ಇಬ್ಬರಿಗೂ ಪಿಂಚಣಿ ಬರುತ್ತದೆ, ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಉಳಿದ ಆಯುಷ್ಯವನ್ನು ಕಟ್ಟೆಯ ಮೇಲೆ ಕುಳಿತು ಕಳೆಯಬಾರದೆಂದು ಇಬ್ಬರೂ ಕೆಲಸ ಹಚ್ಚಿಕೊಂಡರು. ಮಾಸ್ತರರದು ಮುಂಜಾನೆ ದಾಸೋಹದ ಲೆಕ್ಕ, ಮಧ್ಯಾಹ್ನ ವಾಚನಾಲಯ, ಸಂಜೆಗೆ ಹತ್ತನೆಯ ಇಯತ್ತೆಯ ಮಕ್ಕಳಿಗೆ ಗಣಿತ. ರಾತ್ರಿ ಊರಿನ ಇತಿಹಾಸ ಬರೆಯುವುದು. ಅಕ್ಕೋರು ಬೀಸುಕಲ್ಲಿನ ಹಾಡು, ಸೋಬಾನದ ಹಾಡುಗಳನ್ನು ಮುದುಕಿಯರ ಬಾಯಿಂದ ಕೇಳಿ ಬರೆದುಕೊಳ್ಳುತ್ತಾರೆ.

ಒಂದು ದಿನ ಮಾಸ್ತರರು ಬಂದು, "ಅಜ್ಜಾರ, ಜಾತ್ರಿ ಕಮಿಟಿ ಕೆಲಸಾನೂ ನನಗ ಕೊಡ್ರಿ" ಅಂದರು. ನಾವು ಒಪ್ಪಿಬಿಡುತ್ತಿದ್ದೆವು. ಬೇಡಿ ಬಂದ ಸೇವೆಯನ್ನು ಯಾವ ಮಠ ಒಲ್ಲೆ ಅನ್ನುತ್ತದೆ? ಹಿಂದೆ ನಿಂತಿದ್ದ ಅಕ್ಕೋರು ಮೆಲ್ಲಗೆ ಬಾಯಿ ತೆರೆದರು. "ಹೋದ ತಿಂಗಳ ನಮ್ಮ ಓಣಿ ಆಯಿ ತೀರಿಕೊಂಡಳ್ರಿ ಅಜ್ಜಾರ. ಆಕೀ ಹಾಡು ಅರ್ಧಾ ಬರಕೊಂಡಿದ್ದೆ. ಇವರು ಹೊತ್ತಿಗೆ ಇಬ್ಬರನ್ನ ಊಟಕ್ಕ ಕರಕೊಂಡು ಬರತಾರ. ರೊಟ್ಟಿ ಬಡಿಯೂದರಾಗ ನನ್ನ ಹೊತ್ತು ಹೋತು." ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಮಾಸ್ತರರು ತಲೆ ತಗ್ಗಿಸಿದರು. ನಿಜ ಹೇಳಬೇಕೆಂದರೆ ನಮ್ಮ ತಲೆಯೂ ತಗ್ಗಿತು. ಹಾಗೆ ಉಂಡು ಹೋದವರಲ್ಲಿ ಮಠದ ಕೆಲಸಕ್ಕೆ ಬಂದವರೇ ಹೆಚ್ಚು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಹೊಸದಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದ. ಮನೆಗೆ ಅಕ್ಕಿ ಹೆಚ್ಚು ಬಂದರೆ ಯಾವ ಹೆಂಡತಿ ಬೇಡ ಅಂದಾಳು? ಲಕ್ಕಮ್ಮ ಅಂದಳು. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಯಾವಾಗಲೂ ಧನದ ಆಸೆಗೆ ಹಚ್ಚಿ ಹೇಳುತ್ತೇವೆ. ಸೇವೆಗೂ ಒಂದು ಆಸೆಯುಂಟು. "ಮಾಸ್ತರಿಲ್ಲದ ಊರಾಗ ಏನೂ ಆಗೂದಿಲ್ಲ" ಎಂದು ನಾಲ್ಕು ಜನ ಅಂದಾಗ ಒಳಗೊಂದು ಸವಿ ಹುಟ್ಟುತ್ತದೆ ನೋಡಿ, ಅದೂ ಹೆಚ್ಚಿನ ಅಕ್ಕಿಯೇ.

ಹೆಂಗಸರ ಹಾಡು ಬರೆಯುವುದೇನು ದೊಡ್ಡ ಕೆಲಸ ಎಂದು ಕೇಳುವವರೂ ಇದ್ದಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ತಾಯಂದಿರ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಅದಕ್ಕೂ ಮೊದಲು ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಓಲೆಗರಿಯಾದರೆ ಜಂತಿಯ ಮೇಲೆ ನೂರಾರು ವರ್ಷ ತಾಳೀತು. ಮುದುಕಿಯ ಬಾಯಲ್ಲಿಯ ಹಾಡು ತಾಳುವುದಿಲ್ಲ. ಈಗ ಹಿಟ್ಟು ಗಿರಣಿಯಿಂದ ಬರುತ್ತದೆ, ಬೀಸುವ ಕಲ್ಲು ಹಿತ್ತಲು ಸೇರಿದೆ. ಬೀಸದ ಮೇಲೆ ಸೊಸೆಯಂದಿರಿಗೆ ಹಾಡು ಎಲ್ಲಿಂದ ಬಂದೀತು?

ಮಾಸ್ತರರಿಗೆ ಜಾತ್ರೆಯ ಕೆಲಸ ಕೊಡಲಿಲ್ಲ. ದಾಸೋಹದ ಲೆಕ್ಕವನ್ನೂ ಒಬ್ಬ ತರುಣನಿಗೆ ವಹಿಸಿದೆವು. ಗಣಿತ ಮಾತ್ರ ಹಾಗೇ ಉಳಿದಿದೆ, ಮಕ್ಕಳು ಬಿಡಬೇಕಲ್ಲ! ಹೋದ ಸೋಮವಾರ ಏನೋ ಒಂದು ಮಾತಿಗಾಗಿ ಅವರನ್ನು ಕರೆಯಲು ಮಠದ ಹುಡುಗನನ್ನು ಕಳಿಸಿದ್ದೆವು. ಅವನು ಒಬ್ಬನೇ ತಿರುಗಿ ಬಂದ. "ಮಾಸ್ತರು ಒಲಿ ಮುಂದ ಕುಂತಾರ್ರಿ ಅಜ್ಜಾರ, ಅನ್ನಕ್ಕ ಇಟ್ಟಾರ. ಅಕ್ಕೋರು ಪಡಸಾಲ್ಯಾಗ ಒಬ್ಬಾಕಿ ಆಯಿ ಮುಂದ ಕುಂತು ಬರಿಯಾಕತ್ತಾರ" ಅಂದ.

ಇರಲಿ, ನಾಳೆ ಬರಲಿ ಎಂದೆವು.