ಕರುಣೆಯ ಹೆಸರಿನಲ್ಲಿ ಕಾಯಕ ಕಸಿಯದಿರೋಣ

(ಕುಕ್ಕುಂದೂರಿನ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಕರಾವಳಿಯಲ್ಲಿ ನಾವು ಲಿಂಗಾಯತರು ಕಡಿಮೆ. ನೌಕರಿ, ವ್ಯಾಪಾರ ಎಂದು ಘಟ್ಟದ ಮೇಲಿನಿಂದ ಬಂದವರೇ ಹೆಚ್ಚು. ಹಾಗಾಗಿ ಕಾಯಕ ಎಂದ ಕೂಡಲೇ ನಮಗೆ ಸಂಬಳ ತರುವ ಕೆಲಸ ನೆನಪಾಗುತ್ತದೆ. ನಾನು ಇಂದು ಹೇಳಹೊರಟಿರುವುದು ಸಂಬಳವಿಲ್ಲದ ಕಾಯಕದ ಮಾತು. ತನ್ನ ಕೈಯಿಂದ ತಾನು ಉಣ್ಣುವುದು, ಮೀಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಲಿಂಗಪೂಜೆ ಮಾಡಿಕೊಳ್ಳುವುದು. ಅಂಗವೈಕಲ್ಯದಿಂದ ಇವು ಕೈತಪ್ಪಿದವರಿಗೆ ಮರಳಿ ಕಲಿಸುವ ವಿದ್ಯೆಯೇ ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಕೇಳಿದವರು ನೌಕರಿ ಕೊಡಿಸುವ ಕಚೇರಿ ಎಂದುಕೊಳ್ಳುತ್ತಾರೆ! ನನ್ನನ್ನು ಕೇಳಿದರೆ ಕಾಯಕ ಚಿಕಿತ್ಸೆ ಎನ್ನಬೇಕು.

1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಈ ವಿದ್ಯೆಗೊಂದು ಸಂಘ ಕಟ್ಟಿದವರಲ್ಲಿ ಮುಖ್ಯರು ಜಾರ್ಜ್ ಬಾರ್ಟನ್. ಅವರು ವೈದ್ಯರಲ್ಲ, ವಾಸ್ತುಶಿಲ್ಪಿ. ದೇಹದ ಎಡಭಾಗ ಸ್ವಾಧೀನ ತಪ್ಪಿದಾಗ ತೋಟದ ಕೆಲಸ, ಮರಗೆಲಸ ಮಾಡುತ್ತಲೇ ಚೇತರಿಸಿಕೊಂಡವರು. ಕಟ್ಟಡದ ಕಸುಬಿನವರು ಎಂದು ನನಗೆ ಅವರ ಮೇಲೆ ಸ್ವಲ್ಪ ಅಭಿಮಾನ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಆರಂಭಿಸಿದರು. ನಮಗಂತೂ ಮಣಿಪಾಲ ಹತ್ತಿರದಲ್ಲೇ ಇದೆ. ಅಲ್ಲಿ ಈ ವಿಭಾಗವೂ ಇದೆ, ಪದವಿ ಶಿಕ್ಷಣವೂ ಇದೆ.

ನನ್ನ ಅಣ್ಣನಿಗೆ ಪಾರ್ಶ್ವವಾಯುವಾಗಿ ಎಡಗೈ ಮುಷ್ಟಿ ಕಟ್ಟಿತು. ಅತ್ತಿಗೆ ಬಹಳ ಪ್ರೀತಿಯಿಂದ ಉಣ್ಣಿಸಿದರು, ಮೀಯಿಸಿದರು. ಬಂದವರೆಲ್ಲ ಮೆಚ್ಚಿದರು. ಅಣ್ಣ ಮಾತ್ರ ದಿನದಿಂದ ದಿನಕ್ಕೆ ಮೌನಿಯಾದ. ಚಿಕಿತ್ಸೆಗೆ ಹೋದಾಗ ಆ ಹುಡುಗಿ ಕೇಳಿದ ಮೊದಲ ಪ್ರಶ್ನೆ, “ಬೆಳಗ್ಗೆ ಎದ್ದು ಮೊದಲು ಏನು ಮಾಡ್ತಿದ್ದಿರಿ?” ಅಣ್ಣ ಅತ್ತುಬಿಟ್ಟ. ಎಡ ಅಂಗೈ ಬಿಡಿಸದಿದ್ದರೆ ಇಷ್ಟಲಿಂಗ ಎಲ್ಲಿಡುವುದು? ನಮ್ಮ ಧರ್ಮದವಳಲ್ಲದ ಆಕೆ ಕರಸ್ಥಲವೆಂದರೇನು ಎಂದು ಕೇಳಿ ತಿಳಿದು, ಅದನ್ನೇ ಚಿಕಿತ್ಸೆಯ ಗುರಿ ಮಾಡಿದಳು. ಮೊಣಕೈಗೆ ಆಸರೆಯಾಗಿ ಮೇಜು, ಬಟ್ಟಲು ಜಾರದಂತೆ ಕೆಳಗೊಂದು ರಬ್ಬರ್ ಹಾಸು, ಬಲಗೈಯಿಂದ ಎಡಗೈಯ ಬೆರಳುಗಳನ್ನು ಮೆಲ್ಲಗೆ ಬಿಡಿಸುವ ಅಭ್ಯಾಸ. ಒಂದೇ ಕೈಯಲ್ಲಿ ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು. ಇಷ್ಟು ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅಂಗೈ ಪೂರ್ತಿ ಬಿಡಿಸಲಿಲ್ಲ. ಕೆಲವು ತಿಂಗಳು ಅಣ್ಣ ಲಿಂಗವನ್ನು ಪೀಠದ ಮೇಲಿಟ್ಟು ಬಲಗೈಯಿಂದ ಪೂಜಿಸಿದ. ನೆಂಟರಲ್ಲಿ ಹಿರಿಯರೊಬ್ಬರು “ನೇಮ ಕೆಟ್ಟಿತು, ಇನ್ನು ಬೇರೆಯವರ ಕೈಯಲ್ಲಿ ಮಾಡಿಸು” ಎಂದರು. ನುಲಿಯ ಚಂದಯ್ಯನವರ ಕಥೆ ನಮಗೆಲ್ಲ ಗೊತ್ತು. ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಬಿದ್ದರೂ ಕಾಯಕ ನಿಲ್ಲಿಸಲಿಲ್ಲ. ಲಿಂಗವೇ ಅವರ ಬೆನ್ನುಹತ್ತಿತು ಎನ್ನುತ್ತಾರೆ. ಅದನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಸೋತ ಕೈಯೊಂದರ ಪ್ರಯತ್ನಕ್ಕೆ ನೇಮಭಂಗದ ಹೆಸರಿಡುವುದು ಯಾವ ನ್ಯಾಯ? ಪೂಜಾರಿ ನಡುವೆ ಬೇಡವೆಂದೇ ಬಸವಣ್ಣನವರು ಲಿಂಗವನ್ನು ಅಂಗೈಗೆ ಕೊಟ್ಟದ್ದಲ್ಲವೇ?

ದಾಸೋಹದಲ್ಲಿ ನಾವು ಕಡಿಮೆಯಿಲ್ಲ. ಅಂಗವಿಕಲರಿಗೆ ಊಟ, ಶಾಲು, ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಗಾಲಿಕುರ್ಚಿ ಮಠದೊಳಗೆ ಬರಲು ದಾರಿ ಇದೆಯೇ ಎಂದು ನೋಡುವುದಿಲ್ಲ. ಪ್ರಸಾದ ನಿಲಯದಲ್ಲಿ ಅವರಿಗೆ ತರಕಾರಿ ಹೆಚ್ಚುವ, ಲೆಕ್ಕ ಬರೆಯುವ ಕೆಲಸವನ್ನೂ ಕೊಡುವುದಿಲ್ಲ. ಪಡೆಯುವವರಾಗಿಯೇ ಕೂರಿಸುತ್ತೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಿಟ್ಟಿದೆ. ಮಠಗಳ ಸಂಸ್ಥೆಗಳಲ್ಲಿ ನಾವು ಎಷ್ಟು ಮಂದಿಗೆ ಕೆಲಸ ಕೊಟ್ಟಿದ್ದೇವೆ?

ಕೊನೆಗೆ ನನ್ನ ಕಸುಬಿನ ಲೆಕ್ಕ. ಇಳಿಜಾರು ದಾರಿಗೆ ಒಂದಡಿ ಏರಿಕೆಗೆ ಹನ್ನೆರಡು ಅಡಿ ಉದ್ದ ಬೇಕು. ಒಂದೊಂದು ಆರಂಗುಲದ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ. ಬಾಗಿಲು ಮೂರಡಿ ಅಗಲ, ಶೌಚಾಲಯದ ಗೋಡೆಗೆ ಹಿಡಿಯಲು ಗಟ್ಟಿ ಕಂಬಿ. ಇದಕ್ಕೆ ದೊಡ್ಡ ದಾನಿ ಬೇಕಿಲ್ಲ. ಮುಂದಿನ ಗೋಷ್ಠಿಗೆ ನಾನು ಅಳತೆ ಟೇಪು ತರುತ್ತೇನೆ. ಜೊತೆಗೆ ಇಬ್ಬರು ಬೇಕು, ಹೆಸರು ಕೊಡಿ.