ಕುರಿಮರಿ ತರಲಾಗದ ಬಡಗಿ

(ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಪೀಠದ ಮುಂದೆ ನೀವು ತಂದಿಟ್ಟಿರುವ ಸಾಮಾನುಗಳನ್ನು ಒಮ್ಮೆ ನೋಡಿ. ಗಾರೆ ಕೆಲಸದವರ ಕರಣೆ ಇದೆ, ತೂಗುಗುಂಡು ಇದೆ. ಬಡಗಿಯ ಉಳಿ, ಟೇಲರ್ ಅಣ್ಣನ ಕತ್ತರಿ, ಆಟೋದ ಕೀಲಿ, ಕಬ್ಬು ಕಡಿಯುವ ಮಚ್ಚು. ಆಸ್ಪತ್ರೆಯಲ್ಲಿ ಕಸ ಗುಡಿಸುವ ತಾಯಿಯೊಬ್ಬರು ತಮ್ಮ ಪೊರಕೆಯನ್ನು ಕಂಬದ ಮರೆಯಲ್ಲಿ ಇಟ್ಟಿದ್ದರು. ನಾನೇ ಎತ್ತಿ ತಂದು ಮುಂದಿಟ್ಟೆ. ಪೂಜೆಯ ಕೊನೆಯಲ್ಲಿ ಇವೆಲ್ಲವನ್ನೂ ಆಶೀರ್ವದಿಸುತ್ತೇವೆ.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ತಮ್ಮ ಸ್ವಂತ ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಾರೆ. ಜನ ಮೊದಲು ಬೆರಗಾಗುತ್ತಾರೆ, ಮರುಗಳಿಗೆಗೆ ಅವರ ತಂದೆಯ ಕಸುಬನ್ನು ಎತ್ತಿ ಆಡಿಕೊಳ್ಳುತ್ತಾರೆ. ನಮ್ಮೂರಲ್ಲಾದರೆ ‘ಗಾರೆ ಕೆಲಸದವನ ಮಗ, ಇವನೇನು ನಮಗೆ ಹೇಳ್ತಾನೆ’ ಅನ್ನುತ್ತಿದ್ದರು. ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ‘ತೆಕ್ತೋನ್’ ಎಂಬ ಪದ ಮರದ ಕೆಲಸದವನಿಗೆ ಮಾತ್ರವಲ್ಲ, ಕಟ್ಟಡ ಕೆಲಸದವನಿಗೂ ಸಲ್ಲುತ್ತದೆ ಎಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ಹಾಗಾಗಿ ಕರಣೆಯವರೂ ಉಳಿಯವರೂ ಜೋಸೆಫರನ್ನು ನಮ್ಮವರೆನ್ನಬಹುದು, ಜಗಳ ಬೇಡ.

ಈ ಬಡಗಿಯ ಮನೆಯ ಸ್ಥಿತಿ ಹೇಗಿತ್ತೆಂದು ತಿಳಿಯಲು ಸಂತ ಲೂಕರು ಒಂದು ಸುಳಿವು ಕೊಡುತ್ತಾರೆ. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಜೋಸೆಫ್ ಮರಿಯರದು ಪಕ್ಷಿಗಳ ಜೋಡಿಯ ಕಾಣಿಕೆ. ಯಾಜಕಕಾಂಡದ ಹನ್ನೆರಡನೇ ಅಧ್ಯಾಯ ತೆಗೆದು ನೋಡಿ: ಕಾಣಿಕೆಗೆ ಕುರಿಮರಿ ತರಬೇಕು, ಅದಕ್ಕೆ ಶಕ್ತಿಯಿಲ್ಲದವರು ಜೋಡಿ ಪಕ್ಷಿ ತಂದರೆ ಸಾಕು. ಅಂದರೆ ದೇವಾಲಯಕ್ಕೆ ಬಂದವರೆಲ್ಲರಿಗೂ ಅವರ ಕೈ ನೋಡಿದರೆ ಇವರು ಬಡವರೆಂದು ಗೊತ್ತಾಗುತ್ತಿತ್ತು. ಜೋಸೆಫರ ಜೀವನದಲ್ಲಿ ಸಾಲವಿತ್ತೋ ಇಲ್ಲವೋ ನಾನರಿಯೆ. ಜನರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಅವರು ಕುರಿಮರಿ ತರಲಿಲ್ಲ ಎಂಬುದು ಮಾತ್ರ ಖಚಿತ. ಈ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1955ರ ಮೇ 1ರಂದು ಕಾರ್ಮಿಕರ ಸಭೆಯಲ್ಲೇ ಈ ಹಬ್ಬವನ್ನು ಘೋಷಿಸಿದರು. ಲೋಕದ ಕಾರ್ಮಿಕರು ಆಚರಿಸುತ್ತಿದ್ದ ದಿನವನ್ನೇ ಧರ್ಮಸಭೆ ತನ್ನದಾಗಿಸಿಕೊಂಡಿತು. ಆದ್ದರಿಂದ ಇಂದು ಕೂಲಿಯ ಮಾತು, ಸಾಲದ ಮಾತು ಆಡಿದರೆ ಸ್ವಾಮಿಗಳು ದೇವರ ವಾಕ್ಯ ಬಿಟ್ಟು ರಾಜಕೀಯ ಮಾತಾಡಿದರು ಎಂದುಕೊಳ್ಳಬೇಡಿ.

ನಮ್ಮ ಈ ಸೀಮೆಯಲ್ಲಿ ದುಡಿಯುವ ಕೈಗಳಿಗೆ ಎಂದೂ ಕೊರತೆಯಿಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದ ಮೇಲೆ ಕಲ್ಲು ಹೊರಲು, ಗಾರೆ ಕಲಸಲು ಬಂದು ಹೊಸಪೇಟೆಯಲ್ಲೇ ನೆಲೆನಿಂತ ಮನೆತನಗಳು ನಮ್ಮ ನಡುವೆಯೇ ಇವೆ. ಸಂಡೂರಿನ ಗುಡ್ಡದಲ್ಲಿ ಅದಿರಿದೆ, ಕಂಪ್ಲಿಯಲ್ಲಿ ಭತ್ತ, ಕಬ್ಬು ಇದೆ, ಹಂಪಿಗೆ ದೇಶವಿದೇಶದ ಜನ ಬರುತ್ತಾರೆ. ಇಷ್ಟೆಲ್ಲ ಇದ್ದೂ ದುಡಿಯುವವರ ಮನೆಯಲ್ಲಿ ಉಳಿದದ್ದೇನು?

ಗಣಿಯ ಭರಾಟೆಯ ವರ್ಷಗಳು ನೆನಪಿರಬೇಕು. ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಹೊಲಹೊಲಗಳನ್ನೇ ಅಗೆದರು. ಗುಡಾರ ಹಾಕಿಕೊಂಡು ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆದರು, ಜರಡಿ ಹಿಡಿದರು. ಕೆಂಪು ಧೂಳಿನಲ್ಲಿ ಯಾರ ಮಗು ಯಾವುದೆಂದು ಗುರುತು ಸಿಗುತ್ತಿರಲಿಲ್ಲ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲೂಟಿಯನ್ನು ನಿಲ್ಲಿಸಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಾಲ ಮಾಡಿ ಲಾರಿ ಕೊಂಡವರ ಲಾರಿಗಳು ರಸ್ತೆಯ ಬದಿಗೆ ನಿಂತವು. ಅದಿರು ಒಡೆದವರಿಗಂತೂ ಪರಿಹಾರ ಕೇಳಲು ಹೆಸರೇ ಇರಲಿಲ್ಲ. ಯಾವ ಹಾಜರಿ ಪುಸ್ತಕದಲ್ಲೂ ಅವರನ್ನು ಬರೆದುಕೊಂಡಿರಲಿಲ್ಲ. ಅದೇ ದಿನಗಳಲ್ಲಿ ಹಂಪಿ ಬಜಾರಿನಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನೂ ತೆರವುಗೊಳಿಸಲಾಯಿತು. 2020ರ ಲಾಕ್‌ಡೌನಿನಲ್ಲಿ ಪ್ರವಾಸಿಗರಿಲ್ಲದೆ ಆಟೋದವರು, ಗೈಡುಗಳು ಕೈಕಟ್ಟಿ ಕುಳಿತರು. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ ಹತ್ತೊಂಬತ್ತನೇ ಗೇಟು ಕೊಚ್ಚಿಹೋಯಿತು. ಮುಂದೆ ಎಲ್ಲ ಗೇಟುಗಳನ್ನು ಬದಲಿಸುವ ಸಲುವಾಗಿ 2025ರ ಕೊನೆಗೆ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಬೆಳೆ ಹೋದ ರೈತನ ನಷ್ಟ ಪತ್ರಿಕೆಯಲ್ಲಾದರೂ ಬರುತ್ತದೆ. ನಾಟಿ ಹಚ್ಚುವ ಹೆಣ್ಣುಮಗಳಿಗೆ ತಪ್ಪಿಹೋದ ಕೂಲಿ ಯಾರ ಲೆಕ್ಕದಲ್ಲೂ ಇಲ್ಲ. ಅವಳ ಕಂತು ಮಾತ್ರ ವಾರ ತಪ್ಪದೆ ಬರುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಗಂಡ ಸೆಂಟ್ರಿಂಗ್ ಕೆಲಸದವನು, ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಮೇಸ್ತ್ರಿ ಮೊದಲ ದಿನ ಆಸ್ಪತ್ರೆಗೆ ಬಂದವನು ಮತ್ತೆ ಕಾಣಲಿಲ್ಲ. ಹೆಂಡತಿ ಸಂಘದಲ್ಲಿ ಸಾಲ ತೆಗೆದಳು. ಆ ಕಂತು ಕಟ್ಟಲು ಇನ್ನೊಂದು ಸಂಘ. ಅದಕ್ಕೂ ಸಾಲದೆ ಹತ್ತು ಸಾವಿರ ಕೈಗಡ, ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿಯಂತೆ. ಲೆಕ್ಕ ಹಾಕಿ ನೋಡಿ: ಹತ್ತು ತಿಂಗಳು ಸಾವಿರ ಸಾವಿರ ಕಟ್ಟಿದ ಮೇಲೂ ಆ ಹತ್ತು ಸಾವಿರ ಹಾಗೇ ನಿಂತಿರುತ್ತದೆ. ಎರಡು ವಾರ ಕಂತು ತಪ್ಪಿದಾಗ ಸಂಘದ ಹೆಂಗಸರು ಬಂದು ಅವಳ ಹೊಸ್ತಿಲಲ್ಲಿ ರಾತ್ರಿಯವರೆಗೆ ಕುಳಿತರು. ವಸೂಲಿಗೆ ಬಂದ ಹುಡುಗ ಬೈಕಿನ ಮೇಲೆ ಸುಮ್ಮನೆ ಕುಳಿತಿದ್ದನಂತೆ. ಬೈದವರು ಅಕ್ಕಪಕ್ಕದ ಮನೆಯವರು. ಅವರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದವರೇ.

ಅವರನ್ನು ಕೆಟ್ಟವರೆಂದು ಹೇಳಲಾರೆ. ಇವಳು ಕಟ್ಟದಿದ್ದರೆ ಅವರ ಗಂಟಿನಿಂದ ಹೋಗಬೇಕು, ಮುಂದಿನ ಸಾಲ ಅವರಿಗೂ ಸಿಗುವುದಿಲ್ಲ. ಬಡವರಿಂದಲೇ ಬಡವರನ್ನು ಹಿಂಡಿಸುವ ಏರ್ಪಾಡು ಅದು.

ಆ ತಾಯಿ ಭಾನುವಾರ ಪೂಜೆಗೆ ಬರುವುದನ್ನು ಬಿಟ್ಟಳು. ನಾನೇನು ಮಾಡಿದೆ? ವಿಶ್ವಾಸ ತಣ್ಣಗಾದವರ ಬಗ್ಗೆ ಇದೇ ರೀತಿ ನಿಂತು ಒಂದು ಪ್ರಬೋಧನೆ ಕೊಟ್ಟೆ! ಆಮೇಲೆ ಸಂತೆಯಲ್ಲಿ ಸಿಕ್ಕಾಗ ‘ಯಾಕಮ್ಮ, ಗುಡಿ ಮರೆತೆಯಾ’ ಎಂದೆ. ಅವಳು ಹೇಳಿದ್ದು: ‘ದೇವ್ರ ಮುಂದೆ ಬರಾಕ ನನಗೇನು ನಾಚಿಕಿಲ್ಲ ಫಾದರ್. ಆದ್ರ ನೀವು ಶಾಂತಿ ಹಂಚಿಕೊಳ್ರಿ ಅಂತೀರಿ. ಮಗ್ಗಲಾಗ ಅವ್ರ ಕುಂತಿರ್ತಾರ. ಅವ್ರಿಗೆ ಹೆಂಗ ಕೈ ಮುಗೀಲಿ?’ ನನ್ನಲ್ಲಿ ಉತ್ತರವಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಕುಟುಂಬ ರಾತ್ರೋರಾತ್ರಿ ಬೆಂಗಳೂರಿಗೆ ಗುಳೆ ಹೋಯಿತು. ಒಂಬತ್ತನೇ ತರಗತಿಯಲ್ಲಿದ್ದ ಹುಡುಗನ ಶಾಲೆ ಅಲ್ಲಿಗೇ ಮುಗಿಯಿತು.

ಇಂದಿನ ವಾಚನಗಳಲ್ಲಿಲ್ಲದ ಒಂದು ಅಧ್ಯಾಯವನ್ನು ಮನೆಗೆ ಹೋಗಿ ಓದಿ: ನೆಹೆಮೀಯನ ಗ್ರಂಥ, ಐದನೇ ಅಧ್ಯಾಯ. ಜೆರುಸಲೇಮಿನ ಗೋಡೆ ಕಟ್ಟುವ ಕೆಲಸ ನಡೆಯುತ್ತಿದೆ. ದೇವರ ಕೆಲಸ. ಕಟ್ಟುತ್ತಿರುವ ಜನ, ಅವರ ಹೆಂಡಂದಿರೂ ಸೇರಿ, ಬಾಯಿಬಿಟ್ಟು ಗೋಳಿಡುತ್ತಾರೆ. ಕಾಳಿಗಾಗಿ ಹೊಲಮನೆ ಒತ್ತೆ ಇಟ್ಟವರಿದ್ದಾರೆ, ರಾಜನ ಕಂದಾಯಕ್ಕೆ ಸಾಲ ತೆಗೆದವರಿದ್ದಾರೆ, ಮಕ್ಕಳನ್ನು ಜೀತಕ್ಕೆ ಬಿಟ್ಟವರಿದ್ದಾರೆ. ಸಾಲ ಕೊಟ್ಟವರು ಯಾರು? ಪರಕೀಯರಲ್ಲ, ಒಂದೇ ದೇವಾಲಯಕ್ಕೆ ಹೋಗುವ ಸ್ವಜನರೇ. ನೆಹೆಮೀಯ ಕೋಪಗೊಳ್ಳುತ್ತಾನೆ, ದೊಡ್ಡ ಸಭೆ ಸೇರಿಸುತ್ತಾನೆ, ಶ್ರೀಮಂತರ ಮುಖಕ್ಕೇ ಹೇಳುತ್ತಾನೆ. ಅವರು ತುಟಿ ಬಿಚ್ಚುವುದಿಲ್ಲ. ಹೊಲ, ತೋಟ, ಮನೆಗಳ ಜೊತೆಗೆ ಅವರು ಹಿಂದಿರುಗಿಸಬೇಕಾಗಿ ಬಂದ ಬಡ್ಡಿ ಎಷ್ಟು ಗೊತ್ತೇ? ನೂರಕ್ಕೆ ಒಂದು. ಅದು ತಿಂಗಳ ಲೆಕ್ಕವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ನೂರಕ್ಕೆ ಒಂದಕ್ಕೇ ನೆಹೆಮೀಯ ಅಷ್ಟು ಸಿಟ್ಟಾದ. ನಮ್ಮಲ್ಲಿ ನೂರಕ್ಕೆ ಮೂರು ಎಂದರೆ ‘ಪಾಪ, ಒಳ್ಳೆಯ ಮನುಷ್ಯ’ ಎನ್ನುತ್ತೇವೆ.

ಆ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹತ್ತನೇ ವಚನ. ತಾನೂ ತನ್ನ ಬಂಧುಗಳೂ ಸಾಲ ಕೊಟ್ಟಿದ್ದೇವೆಂದು ನೆಹೆಮೀಯ ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ನಾನೂ ಒಪ್ಪಿಕೊಳ್ಳಬೇಕು.

ಧರ್ಮಕೇಂದ್ರದ ಹಬ್ಬಕ್ಕೆ ವಂತಿಗೆ ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಮೈಕಿನಲ್ಲಿ ಓದುವ ಪದ್ಧತಿಯನ್ನು ನಾನು ಹೋದಲ್ಲೆಲ್ಲ ನಡೆಸಿಕೊಂಡು ಬಂದೆ. ಚೆನ್ನಾಗಿ ಕೂಡುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಕೈಗಡದ ಹತ್ತು ಸಾವಿರದಲ್ಲಿ ಐದು ನೂರು ರೂಪಾಯಿ ಹಬ್ಬದ ವಂತಿಗೆಗೆ ಬಂದಿತ್ತೆಂದು ಆ ತಾಯಿ ಊರು ಬಿಟ್ಟ ಮೇಲೆ ನನಗೆ ತಿಳಿಯಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜನ ಏನಂದಾರು ಎಂಬ ಅಂಜಿಕೆ. ಜೋಸೆಫರು ತರದೇ ಇದ್ದ ಕುರಿಮರಿಯನ್ನು ನಾನು ಅವಳಿಂದ ತರಿಸಿದೆ, ಅದೂ ನೂರಕ್ಕೆ ಹತ್ತರ ಬಡ್ಡಿಗೆ! ಈ ವರ್ಷದಿಂದ ಇಲ್ಲಿ ಪಟ್ಟಿ ಓದುವುದಿಲ್ಲ. ಹಬ್ಬದ ಸಮಿತಿಯವರು ಬೇಸರ ಮಾಡಿಕೊಂಡಿದ್ದಾರೆ, ಗೊತ್ತು. ಪೆಂಡಾಲು ಸ್ವಲ್ಪ ಚಿಕ್ಕದಾಗಲಿ. ಪ್ರಥಮ ಪರಮಪ್ರಸಾದದ ಬಟ್ಟೆ, ಊಟ, ವಿಡಿಯೋಗಳಿಗೂ ಇದೇ ಮಾತು.

ಮನೆಕೆಲಸದವರನ್ನು, ಅಂಗಡಿಯಲ್ಲಿ ಹುಡುಗರನ್ನು ಇಟ್ಟುಕೊಂಡ ಕುಟುಂಬಗಳೂ ಇಲ್ಲಿವೆ. ನಮ್ಮ ಧರ್ಮಸಭೆಯ ಸಂಸ್ಥೆಗಳಲ್ಲೇ ಅಡುಗೆಯವರು, ಕಾವಲುಗಾರರು ದುಡಿಯುತ್ತಿದ್ದಾರೆ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೇ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ನಾವು ‘ಮುಂದಿನ ವಾರ ಬಾ’ ಎನ್ನುತ್ತೇವೆ. ಆ ಒಂದು ವಾರವೇ ಅವರನ್ನು ಬಡ್ಡಿಯವನ ಬಾಗಿಲಿಗೆ ಕಳಿಸುವುದು. ದುಡಿಯುವವನಿಗೆ ಅವನೂ ಅವನ ಸಂಸಾರವೂ ಮಾನವಾಗಿ ಬದುಕುವಷ್ಟು ಕೂಲಿ ಸಲ್ಲಬೇಕೆಂದು 1891ರಲ್ಲೇ ಜಗದ್ಗುರು ಹದಿಮೂರನೇ ಲಿಯೋರವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಬೋಧಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಆ ವಿಶ್ವಪತ್ರವೆಂದು ತಾವೇ ಹೇಳಿದರು.

ನಮ್ಮಲ್ಲೇ ಬಡ್ಡಿಗೆ ಕೊಡುವವರಿದ್ದಾರೆ. ಹೆಸರು ಹೇಳುವುದಿಲ್ಲ, ನೀವೂ ತಿರುಗಿ ನೋಡಬೇಡಿ. ಒತ್ತೆ ತೆಗೆದುಕೊಂಡ ಹೊದಿಕೆಯನ್ನು ರಾತ್ರಿಯ ಚಳಿಗೆ ಮುನ್ನ ಹಿಂದಿರುಗಿಸಬೇಕೆಂಬ ನಿಯಮ ವಿಮೋಚನಾಕಾಂಡದಲ್ಲಿದೆ. ಇವತ್ತು ಒತ್ತೆಯಲ್ಲಿರುವುದು ಪಡಿತರ ಚೀಟಿ, ಎ.ಟಿ.ಎಂ. ಕಾರ್ಡು, ಕೆಲವರ ತಾಳಿ. ಅಂಥದ್ದು ಯಾರ ಪೆಟ್ಟಿಗೆಯಲ್ಲಿದೆಯೋ ಅವರು ಇಂದು ಸಂಜೆಯೊಳಗೆ ತಲುಪಿಸಿ. ಪಾಪನಿವೇದನೆಗೆ ಬರುವುದು ಆಮೇಲೆ.

ಕುಡಿತದ ಮಾತನ್ನೂ ಬಿಡಲಾರೆ. ಬಟವಾಡೆಯ ದಿನ ಮನೆಗೆ ಬರುವ ದಾರಿಯಲ್ಲಿ ಅರ್ಧ ಕೂಲಿ ಕಳೆಯುವ ಗಂಡಸರಿದ್ದೀರಿ, ನಿಮಗೇ ಗೊತ್ತು. ಆದರೆ ಬಡವರ ಸಾಲವೆಲ್ಲ ಕುಡಿತದಿಂದ, ಮದುವೆ ಖರ್ಚಿನಿಂದ ಎಂದು ಕೈತೊಳೆದುಕೊಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಸೆಂಟ್ರಿಂಗ್ ಕೆಲಸದವನು ಒಂದು ಹನಿ ಕುಡಿಯುತ್ತಿರಲಿಲ್ಲ.

ಕಾನೂನಿನ ನಾಲ್ಕು ಮಾತು ಹೇಳುತ್ತೇನೆ, ಸಂಘದಲ್ಲಿರುವ ತಾಯಂದಿರು ಗಮನವಿಟ್ಟು ಕೇಳಿ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯಿದೆಯಾಯಿತು. ನೋಂದಣಿಯಿಲ್ಲದೆ ಬಡ್ಡಿಗೆ ಕೊಟ್ಟು, ಬೆದರಿಸಿ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ಆ ಬ್ಯಾಂಕಿನದೇ ನಿಯಮಗಳಿವೆ. ಕಿರುಸಾಲ ಪಡೆದವರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗಾಗಿ ಫೋನು ಮಾಡುವಂತಿಲ್ಲ. ನೆಂಟರಿಷ್ಟರನ್ನು, ಜೊತೆಯವರನ್ನು ಪೀಡಿಸುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದಲ್ಲೇ ಅದರ ಸಮಿತಿ ಇದೆ.

ನೆಹೆಮೀಯನ ಕಾಲದ ಜನಕ್ಕೆ ಬಿಡುಗಡೆ ಸಿಕ್ಕಿದ್ದು ಅವರು ಬಾಯಿಬಿಟ್ಟು ಹೇಳಿಕೊಂಡದ್ದರಿಂದ. ನಮ್ಮಲ್ಲಿ ಸಾಲಗಾರ ತಲೆತಗ್ಗಿಸಿ ಹಿಂದಿನ ಬಾಗಿಲಲ್ಲಿ ಹೋಗುತ್ತಾನೆ. ಅದಕ್ಕೇ ಪೂಜೆಯ ನಂತರ ಶಾಲೆಯ ಜಗುಲಿಯಲ್ಲಿ ಒಂದು ಮೇಜು ಹಾಕಿಸಿದ್ದೇನೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮವರೊಬ್ಬರು, ಕಾನ್ವೆಂಟಿನ ಸಿಸ್ಟರ್ ಒಬ್ಬರು ಕುಳಿತಿರುತ್ತಾರೆ. ತಿಂಗಳ ಮೊದಲ ಭಾನುವಾರ ಇದು ಮುಂದುವರಿಯುತ್ತದೆ. ಸಾಲದ ಕಾರ್ಡು, ಕಂತಿನ ಪುಸ್ತಕ, ಗಿರವಿ ಚೀಟಿ ಏನಿದ್ದರೂ ತನ್ನಿ. ಎಷ್ಟು ಕಟ್ಟಿದ್ದೀರಿ, ಎಷ್ಟು ಉಳಿದಿದೆ, ಯಾರು ಮೋಸ ಮಾಡಿದ್ದಾರೆ ಎಂದು ಓದಿ ಹೇಳುತ್ತಾರೆ. ದುಡ್ಡು ಕೊಡುವುದಿಲ್ಲ, ನಮ್ಮಲ್ಲಿ ಅಷ್ಟು ಇಲ್ಲ. ಒಬ್ಬರೇ ಬರಲು ಸಂಕೋಚವಾದರೆ ಒಂದೇ ಸಂಘದ ನಾಲ್ಕೈದು ಜನ ಕೂಡಿಯೇ ಬನ್ನಿ, ಜಗಳವಾಡಿಕೊಂಡವರೂ ಸಹ. ಚಹಾ ಇದೆ.

ಈಗ ಎದ್ದುನಿಂತು ವಿಶ್ವಾಸಿಗಳ ಪ್ರಾರ್ಥನೆಯನ್ನು ಸಲ್ಲಿಸೋಣ. ಊರು ಬಿಟ್ಟು ಗುಳೆ ಹೋದ ನಮ್ಮ ಕುಟುಂಬಗಳನ್ನು ಮೊದಲು ನೆನೆಯೋಣ.